ಒಂದು ಫೋನಿನ ಪ್ರತಿಷ್ಠೆ

ವಸ್ತು ಕೆಟ್ಟಾಗ ಅದರ ಮರ್ಯಾದೆ ಹೋಗುವುದು ಸಹಜ. ಆದರೆ ವಸ್ತು ವರ್ಷದಿಂದ ವರ್ಷಕ್ಕೆ ಉತ್ತಮಗೊಳ್ಳುತ್ತಿರುವಾಗಲೇ ಅದರ ಮರ್ಯಾದೆ ತಗ್ಗುತ್ತ ಬರುವುದೂ ಉಂಟು. ನಮ್ಮ ಕಣ್ಣೆದುರಿಗೇ ಹೀಗಾದದ್ದು ಐಫೋನಿಗೆ.

2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಅದನ್ನು ಲೋಕಕ್ಕೆ ತೋರಿಸಿದರು. ಜೂನ್ 29ರಂದು ಮಾರಾಟಕ್ಕೆ ಬಂದಾಗ ಅದರ ಬೆಲೆ 499 ಮತ್ತು 599 ಡಾಲರು. ಕೊಳ್ಳುವುದಕ್ಕಾಗಿ ಅಂಗಡಿಗಳ ಮುಂದೆ ರಾತ್ರಿಯೆಲ್ಲ ಕಾದವರಿದ್ದರು. ಇಂದಿನ ದೃಷ್ಟಿಯಿಂದ ನೋಡಿದರೆ ಆ ಮೊದಲ ಫೋನು ಬಹಳ ಬಡಪಾಯಿ. ಹೊರಗಿನವರು ರಚಿಸಿದ ಆ್ಯಪ್‌ಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ವಿಡಿಯೊ ತೆಗೆಯಲು ಬರುತ್ತಿರಲಿಲ್ಲ. ಒಂದೆಡೆಯ ಬರಹವನ್ನು ನಕಲು ಮಾಡಿ ಇನ್ನೊಂದೆಡೆ ಇರಿಸುವ ಸೌಕರ್ಯವೂ ಇರಲಿಲ್ಲ. ಆದರೂ ಅದಕ್ಕಿದ್ದ ಪ್ರತಿಷ್ಠೆ ಮುಂದಿನ ಯಾವ ಐಫೋನಿಗೂ ದೊರೆಯಲಿಲ್ಲ.

ಮಾರಾಟ ತೊಡಗಿ ಮೂರು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರಿನಲ್ಲಿ, 599 ಡಾಲರಿನ ಫೋನಿನ ಬೆಲೆಯನ್ನು 399ಕ್ಕೆ ಇಳಿಸಲಾಯಿತು. ಮೊದಲೇ ಕೊಂಡವರು ಕೆರಳಿದರು. ಜಾಬ್ಸ್ ಬಹಿರಂಗ ಪತ್ರ ಬರೆದು, ಅವರಿಗೆ ಆಪಲ್ ಅಂಗಡಿಗಳಲ್ಲಿ ಬಳಸಬಹುದಾದ 100 ಡಾಲರುಗಳ ಪರಿಹಾರ ನೀಡಬೇಕಾಯಿತು. ಅವರ ಕೈಯಲ್ಲಿದ್ದ ಫೋನು ಆ ದಿನ ಎಳ್ಳಷ್ಟೂ ಬದಲಾಗಿರಲಿಲ್ಲ. ಹೆಚ್ಚು ಹಣ ತೆತ್ತೆವಲ್ಲಾ ಎಂಬ ಸಂಕಟ ಇದ್ದೇ ಇತ್ತೆನ್ನಿ. ಆದರೆ ತಾವು ಮೆರೆಸುತ್ತಿದ್ದುದು ನಾಳೆ ಎಲ್ಲರ ಕೈಗೂ ಎಟುಕೀತು ಎಂಬ ಅಳಲೂ ಅದರಲ್ಲಿ ಬೆರೆತಿತ್ತೆಂದು ನನ್ನ ಊಹೆ.

ಊಹೆ ನಿರಾಧಾರವಲ್ಲ. ಮರುವರ್ಷ ಆಗಸ್ಟಿನಲ್ಲಿ ಆರ್ಮಿನ್ ಹೈನ್ರಿಚ್ ಎಂಬಾತ ಈ ಫೋನಿಗಾಗಿ ಒಂದು ಆ್ಯಪ್ ರಚಿಸಿದ. ಅದರ ಹೆಸರು ‘ಐ ಆಮ್ ರಿಚ್’, ಅಂದರೆ ‘ನಾನು ಶ್ರೀಮಂತ’. ಬೆಲೆ 999.99 ಡಾಲರು. ತೆರೆದರೆ ಪರದೆಯ ಮೇಲೆ ಒಂದು ಕೆಂಪು ಹರಳು ಹೊಳೆಯುತ್ತದೆ, ಬೇರೇನೂ ಉಪಯೋಗವಿಲ್ಲ. ಆಪಲ್ ಕಂಪನಿ ಅದನ್ನು ಬೇಗನೆ ತೆಗೆದುಹಾಕಿತು. ಅಷ್ಟರೊಳಗೆ ಎಂಟು ಮಂದಿ ಕೊಂಡಿದ್ದರು! ಪ್ರತಿಷ್ಠೆಯನ್ನು ಉಪಯೋಗದಿಂದ ಇಷ್ಟು ಶುದ್ಧವಾಗಿ ಬೇರ್ಪಡಿಸಿ ತೋರಿಸಿದ ವಿಡಂಬನೆ ಮತ್ತೊಂದಿರಲಾರದು.

ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೊರ್ಗ್ ಜಿಮ್ಮೆಲ್ 1904ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಫ್ಯಾಷನ್ನಿನ ಈ ನಡೆಯನ್ನು ವಿವರಿಸಿದ್ದಾನೆ. ಮೇಲಿನವರು ತಮ್ಮನ್ನು ಬೇರೆಯಾಗಿ ತೋರಿಸಿಕೊಳ್ಳಲು ಒಂದನ್ನು ತೊಡುತ್ತಾರೆ. ಕೆಳಗಿನವರು ಅದನ್ನು ಅನುಸರಿಸುತ್ತಾರೆ. ಆಗ ಮೇಲಿನವರು ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾರೆ. ಅವನ ಕಾಲದಲ್ಲಿ ಇದು ಉಡುಪಿನ ಮಾತು. ಫೋನಿನ ವಿಷಯದಲ್ಲಿ ವಿಶೇಷವೇನೆಂದರೆ, ಅನುಸರಣೆಗೆ ಮೆಟ್ಟಿಲು ಕಟ್ಟಿಕೊಟ್ಟವನು ಮಾರುವವನೇ. ಹೊಸ ಮಾದರಿ ಬಂದಾಗ ಹಳೆಯದನ್ನು ಬೆಲೆಯಿಳಿಸಿ ಮಾರುವ ಪದ್ಧತಿ ಬಂತು. ಕೈ ಬದಲಾಯಿಸಿದ ಫೋನುಗಳ ಪೇಟೆ ಬೆಳೆಯಿತು. ಎಲ್ಲದರ ಬೆನ್ನಮೇಲೂ ಅದೇ ಕಚ್ಚಿದ ಸೇಬು. ನಾಲ್ಕು ಮಾರು ದೂರದಿಂದ ಹೊಸದಾವುದು ಹಳೆಯದಾವುದು ಎಂದು ಹೇಳುವುದು ಕಷ್ಟ. 2016ರ ಜುಲೈ ವೇಳೆಗೆ ಮಾರಾಟವಾದ ಐಫೋನುಗಳ ಸಂಖ್ಯೆ ನೂರು ಕೋಟಿ ಮುಟ್ಟಿತ್ತು.

ಭಾರತಕ್ಕೆ ಅದು ಬಂದದ್ದು 2008ರ ಆಗಸ್ಟ್ 22ರಂದು, 31,000 ರೂಪಾಯಿಗೆ. ಇಂದು ಅದರ ಜೋಡಣೆ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ನಡೆಯುತ್ತಿದೆ. ಅದೇ ಜಿಲ್ಲೆಯ ಚಿನ್ನದ ಗಣಿ 2001ರಲ್ಲಿ ಮುಚ್ಚಿತೆಂಬುದು ಇಲ್ಲಿ ನೆನಪಾಗುತ್ತದೆ. ಚಿನ್ನವನ್ನು ಬಡವನೂ ಬಲ್ಲಿದನೂ ತೊಡುತ್ತಾರೆ, ಆದರೂ ಅದರ ಗೌರವ ಕುಂದಿಲ್ಲ. ಬೇಕೆಂದಷ್ಟು ಚಿನ್ನವನ್ನು ಯಾರೂ ತಯಾರಿಸಲಾರರು, ಅಜ್ಜಿಯ ಸರ ಮೊಮ್ಮಗಳ ಕೊರಳಿನಲ್ಲೂ ಚಿನ್ನವೇ. ಫೋನನ್ನಾದರೋ ಬೇಕೆಂದಷ್ಟು ತಯಾರಿಸಬಹುದು. ಹತ್ತು ವರ್ಷದ ಹಿಂದಿನದನ್ನು ಮಕ್ಕಳೂ ಮುಟ್ಟರು.

ಎಲ್ಲರಿಗೂ ದೊರೆತರೆ ಒಳ್ಳೆಯದೇ ಅಲ್ಲವೆ ಎನ್ನಬಹುದು. ಒಳ್ಳೆಯದೇ. ಉತ್ತಮ ಉಪಕರಣವೊಂದು ಸಿರಿವಂತರ ಒಡವೆಯಾಗಿ ಉಳಿಯದಿದ್ದುದಕ್ಕೆ ನಾನಂತೂ ಮರುಗಲಾರೆ. ಮರುಗಬೇಕಾದ ಸಂಗತಿ ಬೇರೆ. ಪ್ರತಿಷ್ಠೆ ಹೋಗುವಾಗ ಸುಮ್ಮನೆ ಹೋಗುವುದಿಲ್ಲ, ತಿರುವುಮುರುವಾಗಿ ನಿಲ್ಲುತ್ತದೆ: ಇದ್ದವರಿಗೆ ಗೌರವವಿಲ್ಲ, ಇಲ್ಲದವರಿಗೆ ಅವಮಾನ. ಅಮೆರಿಕದಲ್ಲಿ ಇಂದು ಬಳಕೆಯಲ್ಲಿರುವ ಸ್ಮಾರ್ಟ್‌ಫೋನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐಫೋನುಗಳೇ. ಐಫೋನಿನಿಂದ ಐಫೋನಿಗೆ ಕಳಿಸಿದ ಸಂದೇಶ ಅಲ್ಲಿ ನೀಲಿ ಹಿನ್ನೆಲೆಯಲ್ಲಿ ಕಾಣುತ್ತದೆ, ಆಂಡ್ರಾಯ್ಡ್ ಫೋನಿಗೆ ಕಳಿಸಿದ್ದು ಹಸಿರಿನಲ್ಲಿ. ಆ ಹಸಿರಿಗಾಗಿ ಶಾಲೆಯ ಗೆಳೆಯರಿಂದ ಹಾಸ್ಯಕ್ಕೀಡಾಗುವ ಹುಡುಗರಿದ್ದಾರೆ. ಒಂದು ಕಾಲಕ್ಕೆ ಮುಡಿಯ ಹೂವಾಗಿದ್ದುದು ಕಾಲಿನ ಚಪ್ಪಲಿಯಂತಾಗಿದೆ. ಇದ್ದರೆ ಯಾರೂ ನೋಡರು, ಇಲ್ಲದಿದ್ದರೆ ಎಲ್ಲರೂ ನೋಡುವರು.

ನಮ್ಮಲ್ಲಿ ಐಫೋನು ಇನ್ನೂ ಆ ಹಂತ ಮುಟ್ಟಿಲ್ಲ. ಅಂತಸ್ತಿನ ಸೋಗು ಉಳಿದಿದೆ. ಆದ್ದರಿಂದಲೇ ಸಣ್ಣ ಸಂಬಳದ ತರುಣರು ಅದನ್ನು ಕಂತಿನ ಮೇಲೆ ಕೊಳ್ಳುತ್ತಾರೆ. ಮೊದಲು ಬಂದವನು ಹಣ ಕೊಟ್ಟು ಫೋನನ್ನೂ ಪ್ರತಿಷ್ಠೆಯನ್ನೂ ಒಯ್ದ. ಕಡೆಗೆ ಬಂದವನು ಎರಡಕ್ಕೂ ಬೆಲೆ ತೆರುತ್ತಾನೆ, ಕೈಗೆ ಸಿಗುವುದು ಫೋನೊಂದೇ. ಅವನು ಇಪ್ಪತ್ತನಾಲ್ಕನೆಯ ಕಂತು ಕಟ್ಟುವ ಹೊತ್ತಿಗೆ ಎರಡು ಸೆಪ್ಟೆಂಬರುಗಳು ಕಳೆದು, ಎರಡು ಹೊಸ ಮಾದರಿಗಳು ಅಂಗಡಿಯ ಗಾಜಿನ ಹಿಂದೆ ಬಂದು ಕುಳಿತಿರುತ್ತವೆ.