ಫ್ರೆಂಚ್ ಕೆನಡಾದ ಜನಪದಗೀತವೂ ಸೋದರಿಯರ ಸಹಗಾನವೂ

ಕೆನಡಾ ದೇಶದ ಕ್ವಿಬೆಕ್ ಪ್ರಾಂತವು ಆ ಖಂಡದಲ್ಲಿ ಫ್ರೆಂಚ್ ನುಡಿಯ ಮುಖ್ಯ ನೆಲೆಯಾಗಿದೆ. 1608ರಲ್ಲಿ ಫ್ರೆಂಚರು ಅಲ್ಲಿ ಕ್ವಿಬೆಕ್ ಪಟ್ಟಣವನ್ನು ಸ್ಥಾಪಿಸಿದರು. 1763ರ ಪ್ಯಾರಿಸ್ ಒಪ್ಪಂದದಿಂದ ನಾಡು ಬ್ರಿಟಿಷರ ವಶವಾಯಿತು. ರಾಜ್ಯವು ಹೋಯಿತು, ನುಡಿಯು ಉಳಿಯಿತು. ಮಾತೃಭೂಮಿಯಿಂದ ಅಗಲಿದ ಆ ಜನರಲ್ಲಿ ಹಳೆಯ ಹಾಡುಗಳು ಬಾಯಿಂದ ಬಾಯಿಗೆ ನಡೆದುಬಂದವು. ಇವು ಮೂಲತಃ ಒಂದೇ ಸ್ವರಪಂಕ್ತಿಯ ಹಾಡುಗಳು. ಇಂಥವನ್ನು ಎರಡು ಕೊರಳುಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ಹಿಡಿದು, ಹಾರ್ಮನಿಯೆಂಬ ಸ್ವರಸಂವಾದದಲ್ಲಿ ಹಾಡುವ ಪದ್ಧತಿಯು ಈಚಿನದು. ಹೊಸದಾದ ಈ ಪದ್ಧತಿಯು ಹಳೆಯ ಹಾಡಿನ ಸ್ವಭಾವಕ್ಕೆ ಒಪ್ಪುವುದೆ? ಒಪ್ಪುವುದಾದರೆ ಅದರ ಸೊಗಸು ಯಾವುದರಲ್ಲಿ ನೆಲೆಗೊಂಡಿದೆ? ಈ ವಿಚಾರಕ್ಕೆ ಕೇಟ್ ಮತ್ತು ಆನಾ ಮೆಕ್‌ಗ್ಯಾರಿಗಲ್ ಎಂಬ ಸೋದರಿಯರ ಗಾನಕ್ಕಿಂತ ಉಚಿತವಾದ ಉದಾಹರಣೆಯು ದೊರೆಯುವುದು ಕಷ್ಟ.

ಮೊದಲು ಹಾಡುಗಳ ಕಟ್ಟಣೆಯನ್ನು ನೋಡತಕ್ಕದ್ದು. ಈ ಗೀತಗಳಲ್ಲಿ ಪ್ರಮುಖವಾದ ಒಂದು ವರ್ಗಕ್ಕೆ 'ಲೆಸ್' ಎಂದು ಹೆಸರು. ಇದರಲ್ಲಿ ಸಾಲುಗಳೆಲ್ಲವೂ ಕೊನೆಯಲ್ಲಿ ಒಂದೇ ಸ್ವರಾಕ್ಷರದ ಸಾಮ್ಯವನ್ನು ಹೊಂದಿರುತ್ತವೆ. ವ್ಯಂಜನವು ಬೇರೆಯಾದರೂ ಬಾಧಕವಿಲ್ಲ. ಎರಡನೆಯ ಅಕ್ಷರದ ಪ್ರಾಸಕ್ಕೆ ಕಿವಿಗೊಟ್ಟ ಕನ್ನಡಿಗರಿಗೆ ಇದು ಸಡಿಲವಾಗಿ ತೋರಬಹುದು. ಆದರೆ ದೀರ್ಘವಾದ ಕಥೆಯನ್ನು ನೆನಪಿನಲ್ಲಿ ಕಟ್ಟಿಡಲು ಅದೇ ಸಾಕು. ಹಾಡುವ ಕ್ರಮವೂ ವಿಶೇಷವಾದುದು. ಒಂದನೆಯ ಮತ್ತು ಎರಡನೆಯ ಸಾಲುಗಳನ್ನು ಹಾಡಿ ಪಲ್ಲವಿಯನ್ನು ಹೇಳುವರು. ಮುಂದಿನ ಚರಣವು ಅದೇ ಎರಡನೆಯ ಸಾಲಿನಿಂದ ಮೊದಲಾಗಿ ಮೂರನೆಯದಕ್ಕೆ ಹೋಗುವುದು. ಕನ್ನಡ ಅಲಂಕಾರಶಾಸ್ತ್ರವನ್ನು ಬಲ್ಲವರು ಇದನ್ನು ಮುಕ್ತಪದಗ್ರಸ್ತದ ಬಂಧುವೆಂದು ಗುರುತಿಸಬಹುದು. ಬಿಟ್ಟುದನ್ನೇ ಮತ್ತೆ ಹಿಡಿದು ಮುಂದಕ್ಕೆ ಸಾಗುವ ಕ್ರಮವಿದು.

ಇದರ ಪ್ರಯೋಜನವು ಕೆಲಸದಲ್ಲಿ ಕಾಣುತ್ತದೆ. ತುಪ್ಪುಳುಚರ್ಮದ ವ್ಯಾಪಾರದ ಕಾಲದಲ್ಲಿ ದೋಣಿಕಾರರು ಮಾಂಟ್ರಿಯಲ್ ಬಳಿಯಿಂದ ಪಶ್ಚಿಮದ ಸರೋವರಗಳತ್ತ ಹುಟ್ಟು ಹಾಕುತ್ತ ಹೋಗುವಾಗ ಒಬ್ಬನು ಸಾಲನ್ನೆತ್ತುವನು, ಉಳಿದವರು ಅದನ್ನು ತಿರುಗಿ ಹಾಡುವರು. ಹುಟ್ಟಿನ ಪೆಟ್ಟಿಗೆ ಹಾಡು ತಾಳವಾಗುವುದು; ಮುಂದಾಳಿಗೆ ಮುಂದಿನ ಸಾಲನ್ನು ನೆನೆಯಲು ಬಿಡುವು ದೊರೆಯುವುದು; ಹಾಡನ್ನು ಅರಿಯದವನೂ ಅಲ್ಲಿಯೇ ಅದನ್ನು ಕಲಿಯುವನು. ಹೀಗೆ ಹಾಡಿದ್ದಕ್ಕೆ ಮರುಹಾಡುವ ಗೀತಗಳಿಗೆ 'ಷಾನ್ಸೋಂ ಆ ರೆಪೋಂದ್ರ್', ಎಂದರೆ ಉತ್ತರ ಹೇಳುವ ಹಾಡು ಎಂಬ ಹೆಸರುಂಟು. ಆದರೆ ಉತ್ತರ ಕೊಡುವವರೆಲ್ಲರೂ ಒಂದೇ ಸ್ವರವನ್ನು ಹಿಡಿಯುತ್ತಿದ್ದರು. ಅಲ್ಲಿ ಕಂಠಗಳು ಹಲವು, ಸ್ವರವು ಒಂದೇ.

ಈ ಹಾಡುಗಳ ಸಂಗ್ರಹಕಾರ್ಯವು ವಿದ್ವಾಂಸರ ಗೌರವಕ್ಕೆ ಪಾತ್ರವಾಗಿದೆ. ಅರ್ನೆಸ್ಟ್ ಗಾನ್ಯೋಂ ಅವರು 1865ರಿಂದ ಪ್ರಕಟಿಸಿದ ಸಂಗ್ರಹದಲ್ಲಿ ಸುಮಾರು ನೂರು ಗೀತಗಳು ಸ್ವರಲಿಪಿಯೊಡನೆ ಅಚ್ಚಾದವು. ಮಾರಿಯಸ್ ಬಾರ್ಬೋ (1883–1969) ಅವರು 1916ರಲ್ಲಿ ಷಾರ್ಲ್‌ವ್ವಾ ಪ್ರದೇಶದ ಹಳ್ಳಿಗಳಿಗೆ ಫೋನೋಗ್ರಾಫ್ ಯಂತ್ರವನ್ನು ಒಯ್ದು ಮೇಣದ ಉರುಳೆಗಳ ಮೇಲೆ ಮುದುಕರ ಹಾಡುಗಳನ್ನು ಹಿಡಿದಿಟ್ಟರು. 1944ರಲ್ಲಿ ಲೂಕ್ ಲಾಕೂರ್ಸಿಯೇರ್ ಅವರು ಲಾವಾಲ್ ವಿಶ್ವವಿದ್ಯಾನಿಲಯದಲ್ಲಿ ಜಾನಪದ ಭಂಡಾರವನ್ನು ಸ್ಥಾಪಿಸಿದರು. ಕೋನ್ರಾಡ್ ಲಾಫೋರ್ಟ್ ಅವರ ವರ್ಗೀಕೃತ ಸೂಚಿಯು 1977ರಿಂದ 1987ರವರೆಗೆ ಆರು ಸಂಪುಟಗಳಾಗಿ ಹೊರಬಂದಿತು. ಲೆಸ್ ಹಾಡುಗಳಿಗೆ ಅದರ ಮೊದಲನೆಯ ಸಂಪುಟವೇ ಮೀಸಲಾಗಿದೆ.

ಗಾನ್ಯೋಂ ಅವರು ಗಮನಿಸಿದ ಒಂದು ಸಂಗತಿಯು ಇಲ್ಲಿ ಮುಖ್ಯವಾದುದು. ಈ ಹಾಡುಗಳಲ್ಲಿ ಅನೇಕವು ಈಚಿನ ಯೂರೋಪಿನ ಮೇಜರ್, ಮೈನರ್ ಎಂಬ ಎರಡು ಮೇಳಗಳಿಗೆ ಸೇರದೆ ಪ್ರಾಚೀನವಾದ ಇಗರ್ಜಿ ಸಂಗೀತದ ಮೇಳಗಳನ್ನು ಅನುಸರಿಸುತ್ತವೆ. ಆದಕಾರಣ ಪಿಯಾನೋವಿನ ಮೇಲೆ ವಾಡಿಕೆಯ ಸ್ವರಗುಚ್ಛಗಳನ್ನು ಅವುಗಳ ಕೆಳಗೆ ಹರಡಿದರೆ ಹಾಡಿನ ಮೈಬಣ್ಣವೇ ಬದಲಾಗುವುದು. ಹಾರ್ಮನಿಯು ಜನಪದಗೀತಕ್ಕೆ ಹಾನಿಕರವೆಂಬ ಆಕ್ಷೇಪಕ್ಕೆ ಇದೇ ಬಲವಾದ ಆಧಾರ. ಈ ಆಕ್ಷೇಪವು ಸೋದರಿಯರ ಸಹಗಾನಕ್ಕೆ ಎಷ್ಟರಮಟ್ಟಿಗೆ ತಗಲುವುದೆಂಬುದನ್ನು ಈಗ ಪರಿಶೀಲಿಸಬಹುದು.

ಆನಾ 1944ರಲ್ಲಿಯೂ ಕೇಟ್ 1946ರಲ್ಲಿಯೂ ಮಾಂಟ್ರಿಯಲ್ ನಗರದಲ್ಲಿ ಜನಿಸಿದರು. ಐರಿಷ್ ಮತ್ತು ಫ್ರೆಂಚ್ ಕೆನೇಡಿಯನ್ ಎಂಬ ಎರಡು ವಂಶಗಳ ರಕ್ತವು ಆ ಕುಟುಂಬದಲ್ಲಿ ಬೆರೆತಿದ್ದಿತು. ಲಾರೆನ್ಷಿಯನ್ ಬೆಟ್ಟಗಳ ಸೇಂಟ್ ಸೋವರ್ ಎಂಬ ಊರಿನಲ್ಲಿ ಅವರ ಬಾಲ್ಯವು ಕಳೆಯಿತು. ಊರಿನ ಕ್ರೈಸ್ತ ಸಂನ್ಯಾಸಿನಿಯರು ಅವರಿಗೆ ಪಿಯಾನೋ ಕಲಿಸಿದರು. ಮನೆಯಲ್ಲಿ ತಂದೆ ತಾಯಿಗಳೂ ಹಿರಿಯಕ್ಕ ಜೇನ್ ಅವರೂ ಸೇರಿ ಪಿಯಾನೋವಿನ ಸುತ್ತ ಹಾಡುವ ರೂಢಿಯಿದ್ದಿತು. 1960ರ ದಶಕದಲ್ಲಿ ತಂಗಿ ಅಕ್ಕಂದಿರಿಬ್ಬರೂ ಮಾಂಟ್ರಿಯಲ್‌ನ 'ಮೌಂಟನ್ ಸಿಟಿ ಫೋರ್' ಎಂಬ ನಾಲ್ವರ ಮೇಳದಲ್ಲಿ ಹಾಡಿದರು. ಅವರ ಮೊದಲ ಧ್ವನಿಮುದ್ರಿಕೆಯು ಪ್ರಸಿದ್ಧವಾದುದು 1976ರಲ್ಲಿ. ಬಹುಮಟ್ಟಿಗೆ ಫ್ರೆಂಚಿನಲ್ಲಿಯೇ ಇರುವ ಎರಡು ಮುದ್ರಿಕೆಗಳು 1980ರಲ್ಲಿಯೂ 2003ರಲ್ಲಿಯೂ ಹೊರಬಂದವು.

ಅವರ ಸಹಗಾನದ ಬಗೆಯಾದರೂ ಎಂಥದು? ಒಬ್ಬಳು ಹಾಡಿನ ಧಾಟಿಯನ್ನು ಹಿಡಿಯುವಳು. ಮತ್ತೊಬ್ಬಳು ಅದರ ಮೇಲೆಯೋ ಕೆಳಗೆಯೋ, ಬಹುತೇಕ ಷಡ್ಜ ಗಾಂಧಾರಗಳಷ್ಟು ದೂರದಲ್ಲಿ, ಹೆಜ್ಜೆಗೆ ಹೆಜ್ಜೆಯಿಟ್ಟು ನಡೆಯುವಳು. ಇಲ್ಲಿ ಎರಡನೆಯ ಸ್ವರವು ಧಾಟಿಗೆ ಹಾಸಿದ ನೆಲಗಟ್ಟಲ್ಲ, ಅದರ ನೆರಳು. ಧಾಟಿಯು ತಿರುಗಿದಲ್ಲಿ ತಾನೂ ತಿರುಗುವುದರಿಂದ ಹಳೆಯ ಮೇಳದ ಮೇಲೆ ಹೊರಗಿನ ನಿಯಮವನ್ನು ಹೇರುವ ಸಂಭವವು ಕಡಮೆ. ತಂಬೂರಿಯ ಮಂದ್ರದ ತಂತಿಯಲ್ಲಿ ತಾನಾಗಿ ಕೇಳಬರುವ ಗಾಂಧಾರವನ್ನು ಬಲ್ಲವರಿಗೆ ಈ ಅಂತರದ ಮಾಧುರ್ಯವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕಂಪನಗಳ ಪ್ರಮಾಣವು ಐದಕ್ಕೆ ನಾಲ್ಕು. ಪಿಯಾನೋವಿನ ಗಾಂಧಾರವು ಇದಕ್ಕಿಂತ ತುಸು ಏರಿರುತ್ತದೆ. ಕಂಠವಾದರೋ ವಾದ್ಯದ ಕಟ್ಟನ್ನು ಬಿಟ್ಟೊಡನೆ ಶುದ್ಧವಾದ ಸ್ಥಾನವನ್ನು ತಾನೇ ಅರಸಿಕೊಳ್ಳಬಲ್ಲದು. ಸ್ಥಾನವು ಸರಿಹೋದಾಗ ಎರಡು ಧ್ವನಿಗಳ ನಡುವಣ ಮಿಡಿತವು ಅಡಗಿ ಒಂದು ಮೂರನೆಯ ಧ್ವನಿಯೇ ಹುಟ್ಟಿದಂತೆ ಭಾಸವಾಗುವುದು.

ಒಡಹುಟ್ಟಿದವರಲ್ಲಿ ಈ ಕೂಟವು ಸುಲಭವಾಗಲು ಕಾರಣಗಳುಂಟು. ಗಂಟಲು, ಬಾಯಿ, ಮೂಗುಗಳ ರಚನೆಯಲ್ಲಿ ಕುಟುಂಬಸಾಮ್ಯವಿರುವುದರಿಂದ ಕಂಠದ ಬಣ್ಣವು ಒಂದನ್ನೊಂದು ಹೋಲುತ್ತದೆ. ಅದಕ್ಕಿಂತ ಮುಖ್ಯವಾದುದು ಉಚ್ಚಾರಣೆ. ಒಂದೇ ಮನೆಯಲ್ಲಿ ಮಾತು ಕಲಿತವರು ಸ್ವರಾಕ್ಷರಗಳನ್ನು ಒಂದೇ ಬಗೆಯಾಗಿ ತೆರೆಯುವರು, ಒಂದೇ ಕ್ಷಣದಲ್ಲಿ ಮುಚ್ಚುವರು. ಹಾಡಿನಲ್ಲಿ ನಿಲ್ಲುವುದು ಸ್ವರಾಕ್ಷರವೇ ಆದ್ದರಿಂದ, ಅದರಲ್ಲಿ ಭೇದವಿಲ್ಲದಿದ್ದರೆ ಎರಡು ಕಂಠಗಳ ಬೆಸುಗೆ ಕಾಣಿಸದು. ಸಾಲಿನ ಕೊನೆಯ ಸ್ವರಾಕ್ಷರದ ಮೇಲೆಯೇ ನಿಂತಿರುವ ಲೆಸ್ ಹಾಡಿಗೆ ಇದು ಎಷ್ಟು ಒಪ್ಪುವುದೆಂಬುದನ್ನು ಊಹಿಸಬಹುದು. ಇವರ ಕಂಠಗಳಾದರೋ ತೆಳುವಾದುವು, ಅಲಂಕಾರವಿಲ್ಲದುವು. ನಾಟಕಶಾಲೆಯ ಗಾಯಕಿಯರ ಕಂಪನವು ಅವುಗಳಲ್ಲಿ ಇಲ್ಲವೆನ್ನುವಷ್ಟು ಕಡಮೆ. ಒಂಟಿಯಾಗಿ ಕೇಳಿದಾಗ ಬಡವೆನಿಸಬಹುದಾದ ಈ ಗುಣವೇ ಜೊತೆಗೂಡಿದಾಗ ಸಂಪತ್ತಾಗುತ್ತದೆ.

1977ರ ಮುದ್ರಿಕೆಯಲ್ಲಿರುವ 'ಪೆರಿನ್' ಎಂಬ ಸಾಂಪ್ರದಾಯಿಕ ಗೀತವನ್ನು ಪರೀಕ್ಷಿಸಿದರೆ ಈ ಮಾತು ಸ್ಪಷ್ಟವಾಗುವುದು. ಪೆರಿನ್ ಪಾದ್ರಿಯೊಬ್ಬನ ಮನೆಯ ದಾಸಿ. ಅವಳ ಪ್ರಿಯನು ಬಂದಿರುವಾಗ ಪಾದ್ರಿಯು ಬರುತ್ತಾನೆ. ಅವಳು ಪ್ರಿಯನನ್ನು ಪೆಟ್ಟಿಗೆಯಲ್ಲಿ ಅಡಗಿಸಿ ಮರೆತುಬಿಡುತ್ತಾಳೆ. ವಾರಗಳು ಕಳೆದಮೇಲೆ ನೋಡಿದರೆ ಇಲಿಗಳು ಅವನನ್ನು ತಿಂದಿರುತ್ತವೆ. ಹಾಸ್ಯಕ್ಕೆ ಬೀಭತ್ಸವು ಅಂಟಿಕೊಂಡಿರುವ ಇಂಥ ಕಥೆಯನ್ನು ಅಭಿನಯಪೂರ್ವಕವಾಗಿ ಹಾಡಿದರೆ ರಸಭಂಗವಾಗುವುದು. ಸೋದರಿಯರ ಗಾನದಲ್ಲಿ ಶೋಕವೂ ಇಲ್ಲ, ಅಟ್ಟಹಾಸವೂ ಇಲ್ಲ. ಇಬ್ಬರು ಸೇರಿ ನುಡಿದಾಗ ಕಥೆಯು ಒಬ್ಬಳ ಭಾವವಾಗಿ ಉಳಿಯದೆ ಊರಿನ ಸುದ್ದಿಯಾಗಿ ಮಾರ್ಪಡುವುದು. ಹಾಡಿದವರಾರೆಂಬುದನ್ನು ಮರೆಯಿಸುವುದು ಜನಪದಗೀತದ ಲಕ್ಷಣ; ಇಲ್ಲಿ ಹಾರ್ಮನಿಯು ಆ ಲಕ್ಷಣವನ್ನೇ ಪೋಷಿಸುತ್ತದೆ.

ಸಂಪ್ರದಾಯದ ಮಾದರಿಯಲ್ಲಿ ಹೊಸ ಹಾಡನ್ನು ಕಟ್ಟುವುದೂ ಅವರಿಗೆ ಸಾಧ್ಯವಾಯಿತು. ಮಾಂಟ್ರಿಯಲ್‌ನ ಸೇಂಟ್ ಕ್ಯಾಥರೀನ್ ಬೀದಿಯ ಹೆಸರನ್ನು ಹೊತ್ತ 'ಕೋಂಪ್ಲೇಂತ್' ಗೀತವು ಆನಾ ಮತ್ತು ಕವಿ ಫಿಲಿಪ್ ತಾತಾರ್ಚೆಫ್ ಅವರ ರಚನೆ. ಕೋಂಪ್ಲೇಂತ್ ಎಂಬುದು ದುಃಖದ ಕಥೆಯನ್ನು ಹೇಳುವ ಹಳೆಯ ಗೀತಪ್ರಕಾರ. ಇಲ್ಲಿ ಅದು ನಗರದ ಬೀದಿಗೆ ಇಳಿದಿದೆ. ಈ ಗೀತವು 1976ರ ಮುದ್ರಿಕೆಯಲ್ಲಿ ಇಂಗ್ಲಿಷ್ ಹಾಡುಗಳ ಪಕ್ಕದಲ್ಲಿ ನಿಂತಿತು. ಆ ವರ್ಷವೇ ಕ್ವಿಬೆಕ್‌ನಲ್ಲಿ ಸ್ವಾತಂತ್ರ್ಯವಾದಿಗಳ ಪಕ್ಷವು ಅಧಿಕಾರಕ್ಕೆ ಬಂದಿತು. 1977ರಲ್ಲಿ ಫ್ರೆಂಚ್ ಭಾಷೆಯ ಶಾಸನವು ಜಾರಿಯಾಯಿತು. ಎರಡು ನುಡಿಗಳ ವಿವಾದವು ಉಗ್ರವಾಗಿದ್ದ ಆ ಕಾಲದಲ್ಲಿ, ಎರಡೂ ನುಡಿಗಳು ಒಂದೇ ಮನೆಯ ಕಂಠದಲ್ಲಿ ಕೇಳಿಬಂದುದು ಅಲ್ಪ ಸಂಗತಿಯಲ್ಲ.

ಕೇಟ್ ಅವರು 2010ರ ಜನವರಿ 18ರಂದು ಮಾಂಟ್ರಿಯಲ್‌ನಲ್ಲಿ ತೀರಿಕೊಂಡರು. ಸಂಗ್ರಹಕಾರರು ಎದುರಿಸುವ ಹಳೆಯ ಪ್ರಶ್ನೆಯು ಇಲ್ಲಿ ಹೊಸದಾಗಿ ತಲೆದೋರುತ್ತದೆ. ಒಂದು ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಡಬಹುದು. ಅದು ಬೇರೊಬ್ಬರ ಬಾಯಲ್ಲಿ ಮತ್ತೆ ಬದುಕುವುದು. ಎರಡನೆಯ ಸ್ವರಪಂಕ್ತಿಯನ್ನೂ ಬರೆದಿಡಬಹುದು. ಆದರೆ ಎರಡರ ನಡುವಣ ಹೊಂದಿಕೆಯು ಒಂದು ಮನೆಯ ಉಚ್ಚಾರಣೆಯಿಂದಲೂ ಅನೇಕ ವರ್ಷಗಳ ಒಡನಾಟದಿಂದಲೂ ಆದುದು. ಒಬ್ಬರು ಇಲ್ಲವಾದಾಗ ಉಳಿದವರಲ್ಲಿ ಅರ್ಧವು ಉಳಿಯುವುದಿಲ್ಲ, ಇಡಿಯದೇ ನಿಂತುಹೋಗುತ್ತದೆ. 1998ರ 'ದಿ ಮೆಕ್‌ಗ್ಯಾರಿಗಲ್ ಅವರ್' ಎಂಬ ಮುದ್ರಿಕೆಯಲ್ಲಿ ಕುಟುಂಬದ ಕಿರಿಯರೂ ಹಿರಿಯರೊಡನೆ ಹಾಡಿರುವರು. ಅವರಲ್ಲಿ ಕೇಟ್ ಅವರ ಮಕ್ಕಳಾದ ರೂಫಸ್ ಮತ್ತು ಮಾರ್ಥಾ ವೇನ್‌ರೈಟ್ ತಾವೂ ಒಡಹುಟ್ಟಿದವರು, ತಾವೂ ಗಾಯಕರು. ಸಂಪ್ರದಾಯವು ಗ್ರಂಥಭಂಡಾರದಲ್ಲಿ ಸುರಕ್ಷಿತವಾಗಿರಬಹುದು. ಅದರ ಸ್ವರಸಂವಾದವು ಮಾತ್ರ ಮನೆಮನೆಯಲ್ಲಿ ಹೊಸದಾಗಿ ಹುಟ್ಟಬೇಕಾಗಿದೆ.