ಬೀದಿಯ ನೆಲದ ಬೆಲೆ

ಮೈಲೂರಿನಿಂದ ಬೀದರದ ಪೇಟೆಗೆ ಬಂದ ಗೃಹಸ್ಥನು ಬೀದಿಯ ಬದಿಯಲ್ಲಿ ವಾಹನವನ್ನು ನಿಲ್ಲಿಸಿದರೆ, ಆ ನೆಲಕ್ಕೆ ಬೆಲೆ ಕಟ್ಟತಕ್ಕವರು ಯಾರು? 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯು ವಾಹನ ನಿಲುಗಡೆಯ ಸ್ಥಳಗಳನ್ನು ನಗರಾಡಳಿತಕ್ಕೆ ಒಪ್ಪಿಸಬಹುದಾದ ಕಾರ್ಯಗಳಲ್ಲಿ ಎಣಿಸಿದೆ. ಆದರೆ ಶುಲ್ಕ ವಿಧಿಸುವ ಅಧಿಕಾರವು ರಾಜ್ಯದ ಶಾಸನದಿಂದಲೇ ಬರಬೇಕು. ಪೌರಸಭೆಯ ಇಚ್ಛೆಯೊಂದೇ ಸಾಲದು.

ದರಕ್ಕೆ ಅಳತೆಗೋಲು ಯಾವುದು? ಉತ್ತರವು ಕನ್ನಡನಾಡಿನ ವ್ಯಾಜ್ಯವೊಂದರಲ್ಲಿಯೇ ಇದೆ. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರಿಗೆಗೂ ಶುಲ್ಕಕ್ಕೂ ಇರುವ ಭೇದವನ್ನು ಸ್ಪಷ್ಟಪಡಿಸಿತು: ತೆರಿಗೆಯು ಸಾಮಾನ್ಯ ಬೊಕ್ಕಸಕ್ಕೆ ಸೇರತಕ್ಕದ್ದು, ಶುಲ್ಕವು ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಪಡೆಯತಕ್ಕದ್ದು. ಪೈಸೆಗೆ ಪೈಸೆ ಸರಿಹೊಂದಬೇಕೆಂಬ ಬಿಗಿಯನ್ನು ನ್ಯಾಯಾಲಯಗಳು ಬಳಿಕ ಸಡಿಲಿಸಿದರೂ ಮೂಲತತ್ತ್ವವು ಅಳಿದಿಲ್ಲ.

1935ರಲ್ಲಿ ಅಮೆರಿಕದ ಒಕ್ಲಹೋಮ ನಗರದಲ್ಲಿ ಮೊದಲ ನಿಲುಗಡೆ ಯಂತ್ರವನ್ನು ನೆಟ್ಟುದೂ ಅಂಗಡಿಗಳ ಮುಂದೆ ದಿನವಿಡೀ ನಿಲ್ಲುತ್ತಿದ್ದ ಮೋಟಾರುಗಳನ್ನು ಸರಿಸಿ ಇತರರಿಗೆ ಸ್ಥಳ ಮಾಡಿಕೊಡಲೆಂದು.

ಆದುದರಿಂದ ದರವು ನಿಂತ ಹೊತ್ತಿಗೆ ತಕ್ಕಂತಿರಲಿ. ಕರಡನ್ನು ಪ್ರಕಟಿಸಿ ಪ್ರಜೆಗಳ ಆಕ್ಷೇಪಣೆಗಳನ್ನು ಆಲಿಸಲಿ; ಬಂದ ಹಣದ ಲೆಕ್ಕವನ್ನು ವರ್ಷವರ್ಷವೂ ಮುಂದಿಡಲಿ. ಹರಾಜಿನಲ್ಲಿ ಹೆಚ್ಚು ಕೂಗಿದ ಗುತ್ತಿಗೆದಾರನ ಲಾಭವೇ ಅಳತೆಯಾದರೆ ಅದು ಸೇವೆಯ ಶುಲ್ಕವಲ್ಲ, ಹಳೆಯ ಸುಂಕದ ಕಟ್ಟೆಯೇ ಸರಿ. ಸ್ವರಾಜ್ಯದ ಪರೀಕ್ಷೆಯು ದೆಹಲಿಯಲ್ಲಿ ಮಾತ್ರವಲ್ಲ, ನಮ್ಮ ಬೀದಿಯ ಚೀಟಿಯಲ್ಲಿಯೂ ನಡೆಯುತ್ತದೆ.