ಕಿವಿ ಎರಡು, ಕರೆ ಮೂರು!

ಕಡೂರಿನ ನಮ್ಮ ಮನೆಯಲ್ಲಿ ಕಾಫಿಗೂ ಮೊದಲು ಏಳುವುದು ರೇಡಿಯೋ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯನ್ನು ಕೇಳಿಕೊಂಡೇ ಬೆಳೆದವಳು ನಾನು. ಅದಿಲ್ಲದೆ ಒಗ್ಗರಣೆಯ ಸಾಸಿವೆಯೂ ಸಿಡಿಯುವುದಿಲ್ಲ ಎನ್ನಿ! ಆದರೆ ಹೋದ ವರ್ಷ ಮಗಳಿಗೆ ಎಸ್ಸೆಸ್ಸೆಲ್ಸಿ, ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಸದ್ದು ಮಾಡುವ ಹಾಗಿಲ್ಲ. ಹೆಡ್‌ಫೋನ್ ಹಾಕಿಕೊಂಡೆ.

ಒಂದು ಮಧ್ಯಾಹ್ನ ಅತ್ತೆ ನೀರಿಗಾಗಿ ಕೂಗಿ ಕೂಗಿ ಸೋತು, ತಾವೇ ಏಳಹೋಗಿ ಮಂಚದ ಪಕ್ಕ ಕುಸಿದು ಕೂತಿದ್ದರು. ನನ್ನ ಕಿವಿಯಲ್ಲಿ ಭಾವಗೀತೆ! ಸದ್ಯ, ಏಟೇನೂ ಆಗಿರಲಿಲ್ಲ. "ನಿಂಗೆ ಕೇಳಿಸ್ಲೇ ಇಲ್ವೇನೇ?" ಎಂದರು. ಅಂದು ರಾತ್ರಿ ಊಟ ಸೇರಲಿಲ್ಲ ನನಗೆ.

ರೇಡಿಯೋ, ಫೋನು, ಅತ್ತೆಯ ಕೋಣೆ, ಮೂರೂ ಒಂದೇ ಹೆಡ್‌ಫೋನಿಗೆ ಬಂದರೆ? ಮೊದಲು ಒಂದು ಅಂಗಡಿಯವರ ಮಾತು ನಂಬಿ ಎರಡು ಕವಲಿನ ವೈರು ತಂದೆ. ರೇಡಿಯೋ ದನಿ ಸೊರಗಿತು, ಫೋನಿನ ಹಾಡು ಗೊಗ್ಗರಾಯಿತು. ಆ ವೈರು ಇರುವುದು ಒಂದು ಹಾಡನ್ನು ಇಬ್ಬರು ಕೇಳಲಿಕ್ಕೆ. ಅದನ್ನು ತಿರುಗುಮುರುಗು ಮಾಡಿದರೆ ಎರಡು ಪಂಪುಗಳನ್ನು ಎದುರುಬದುರು ಒಂದೇ ಪೈಪಿಗೆ ಕಟ್ಟಿದ ಹಾಗೆ. ಒಂದರ ದನಿ ಇನ್ನೊಂದರೊಳಗೆ ನುಗ್ಗುತ್ತದೆ, ಉಪಕರಣವೂ ಕೆಡಬಹುದು.

ತರೀಕೆರೆಯಲ್ಲಿರುವ ನನ್ನ ತಮ್ಮನಿಗೆ ಬೆಸುಗೆ ಕೆಲಸ ಗೊತ್ತು. ಅವನು ಹೇಳಿದ ಉಪಾಯ ಇದು: ಪ್ರತಿ ಉಪಕರಣದ ಎಡ, ಬಲ ತಂತಿಗಳಿಗೆ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆಮೇಲೆ ಎಡದವನ್ನೆಲ್ಲ ಒಂದು ಕಡೆ, ಬಲದವನ್ನೆಲ್ಲ ಒಂದು ಕಡೆ, ಗ್ರೌಂಡ್ ತಂತಿಗಳನ್ನು ಒಂದು ಕಡೆ ಸೇರಿಸುವುದು. ಮೂರು ಉಪಕರಣಕ್ಕೆ ಆರು ರೆಸಿಸ್ಟರು, ಬಿಡಿಗಾಸಿನ ಬಾಬತ್ತು. ಆದರೆ ದನಿ ತೀರಾ ಇಳಿಯುತ್ತದೆ. ಮುಂದೆ ಒಂದು ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಬೇಕೇ ಬೇಕು.

ಕೊನೆಗೆ ನಾನು ಕೊಂಡದ್ದು ಸಣ್ಣ ಮಿಕ್ಸರ್. ಅಡುಗೆಮನೆಯದಲ್ಲ ಮಾರಾಯ್ರೆ, ಭಜನಾ ಮಂಡಳಿಯವರು ಇಟ್ಟುಕೊಳ್ಳುವಂಥದು! ಒಂದೊಂದಕ್ಕೂ ಬೇರೆ ತಿರುಪು, ಹೆಡ್‌ಫೋನಿಗೆ ತನ್ನದೇ ತೂತು. ಮೈಕಿನ ತೂತಿಗೆ ಉದ್ದದ ವೈರು ಹಾಕಿ ಸಾಧಾರಣ ಮೈಕನ್ನು ಅತ್ತೆಯ ದಿಂಬಿನ ಬಳಿ ಇಟ್ಟೆ. ಅವರಿಗೆ ಹೇಳಿಯೇ ಇಟ್ಟದ್ದು. ನೆಂಟರು ಬಂದರೆ ಆರಿಸಲು ಸ್ವಿಚ್ಚು ಅವರ ಕೈಯಲ್ಲೇ. ಆ ತಿರುಪು ಮಾತ್ರ ಯಾವಾಗಲೂ ಉಳಿದೆರಡಕ್ಕಿಂತ ಮೇಲೆ.

ಹಳೆಯ ಟ್ರಾನ್ಸಿಸ್ಟರಿನಿಂದ ಒಂದೇ ಕಿವಿಗೆ ದನಿ ಬಂದರೆ ಗಾಬರಿ ಬೇಡ, ಅದರ ತೂತು ಮೋನೋ ಇರುತ್ತದೆ. ಕರಕರ ಸದ್ದಿದ್ದರೆ ಚಾರ್ಜರನ್ನು ರೇಡಿಯೋದಿಂದ ದೂರ ಸರಿಸಿ ನೋಡಿ.

ಅಜ್ಜಂಪುರದ ತಂಗಿಗೆ ವೈರು ಅಂದರೆ ಆಗದು. ಎರಡು ಕಡೆ ಕೂಡಿಕೊಳ್ಳುವ ಬ್ಲೂಟೂತ್ ತಂದಳು. ಕೂಡಿಕೊಳ್ಳುತ್ತದೆ ನಿಜ, ಆದರೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಡೆಯ ದನಿ! ಧಾರಾವಾಹಿಯಲ್ಲಿ ತುಟಿ ಮುಂದೆ, ಮಾತು ಹಿಂದೆ ಬೇರೆ.

ಮೂರು ದನಿ ಸೇರಿದಾಗ ಒಂದನ್ನೊಂದು ಮೀರಿಸಲು ನಾವು ಸದ್ದು ಏರಿಸುತ್ತಲೇ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ಬರೀ 4 ಗಂಟೆ. ಹಾಗಾಗಿ ಹಾಡನ್ನೇ ಇಳಿಸಿ.

ಈಗ ಅತ್ತೆ ಮೆಲ್ಲಗೆ "ನೀರು" ಅಂದರೂ ಸಾಕು. ಮೊನ್ನೆ ಮೈಕಿನ ಹತ್ತಿರ ಬಾಯಿ ತಂದು, "ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಕಣೇ" ಎಂದರು.